ನೂರ ಹನ್ನೆರಡನೆಯ ಪುಟ

"ಹಂಸದ ಕತ್ತು ಅಷ್ಟು ಬಿಗಿಯಾಗಿ ಹಿಡೀಬೇಡಿ, ಮಿಸ್ ಬ್ರೆನ್. ಅದು ನಿಮ್ಮ ಮನೇಲೇ ಹುಟ್ಟಿ ಬೆಳೆದಿದ್ದು ಅನ್ನೋ ಹಾಗೆ ಹಿಡ್ಕೊಳ್ಳಿ," ಎಂದು ಗಸ್ ಕ್ಯಾಮೆರಾದ ಹಿಂದಿನಿಂದ ಹೇಳಿದ.

ಲಿಯೋಟಾ ಬ್ರೆನ್ ನೀರಿಲ್ಲದ ಸ್ನಾನದ ತೊಟ್ಟಿಯೊಳಗೆ ಕೂತಿದ್ದಳು. ಭುಜದ ಮೇಲೆ ಬಾಡಿಗೆಗೆ ತಂದ ತುಪ್ಪಳದ ಕೋಟು, ತಲೆಯ ಮೇಲೆ ಗಾಜಿನ ಕಿರೀಟ, ತೊಡೆಯ ಮೇಲೆ ಹುಲ್ಲು ತುಂಬಿದ ಹಂಸ. ಅವಳು ಬೆರಳು ಸಡಿಲಿಸಿದಳು. ಎಡಗೆನ್ನೆಯನ್ನು ಬೆಳಕಿಗೆ ಕೊಟ್ಟು, ಕಣ್ಣು ಅರ್ಧ ಮುಚ್ಚಿ, ರಾಜ್ಯ ಕಳೆದುಕೊಂಡ ರಾಣಿಯ ಹಾಗೆ ದೂರಕ್ಕೆ ನೋಡಿದಳು. ಗಸ್ ಗುಂಡಿ ಒತ್ತಿದ. ಫಿಲ್ಮು ಮುಗಿಯಿತೆಂದು ಒಳಕೋಣೆಗೆ ಹೋದ. ಅವನು ಹೊಸ ಸುರುಳಿ ಹುಡುಕಿ ಹಿಂದಿರುಗಲು ಐದು ನಿಮಿಷವಾದರೂ ಹಿಡಿದಿರಬೇಕು. ಅಷ್ಟು ಹೊತ್ತೂ ಅವಳು ಅಲುಗಲಿಲ್ಲ.

"ಇಳಿಸ್ರೀ ಕತ್ತನ್ನ. ಇನ್ನೂ ಯಾಕೆ ಹಾಗೇ ಇದೀರಿ?" ಎಂದು ಮೂಲೆಯ ಕುರ್ಚಿಯಲ್ಲಿದ್ದ ವೆಂಡೆಲ್ ಕ್ರೇಲ್ ನಕ್ಕ.

"ಯಾರೂ ಕಟ್ ಅನ್ನಲಿಲ್ಲವಲ್ಲ," ಎಂದಳು ತುಟಿ ಅಲುಗಿಸದೆ.

"ಕಟ್ ಕಣಮ್ಮ, ಕಟ್. ಈ ಗಸ್‌ನ ನಂಬಿದ್ರೆ ನೀವು ಇಲ್ಲೇ ಈಜಿಪ್ಟಿನ ಮಮ್ಮಿ ಆಗ್ತಿದ್ರಿ."

ಆಗ ಅವಳು ಉಸಿರು ಬಿಟ್ಟಳು. ತೊಟ್ಟಿಯಿಂದ ಏಳುವಾಗ ಮಂಡಿ ಲಟಕ್ಕೆಂದಿತು. ವೆಂಡೆಲ್ ಎದ್ದು ಹೋಗಿ ಕೈ ಕೊಟ್ಟ.

ಅದು ಅಕ್ಟೋಬರ್ ತಿಂಗಳ ಸೋಮವಾರ. ಮೂರು ದಿನದಿಂದ ಮರುಭೂಮಿಯ ಕಡೆಯ ಬಿಸಿಗಾಳಿ ಆ ಸಿನಿಮಾ ಊರಿನ ಮೇಲೆ ಬೀಸುತ್ತಿತ್ತು. ಹೊರಗೆ ತಾಳೆಮರದ ಒಣಗರಿಗಳು ಕಾರುಗಳ ಮೇಲೆ ಬೀಳುವ ಸದ್ದು ಆಗಾಗ ಕೇಳುತ್ತಿತ್ತು. ಗಸ್‌ನ ಕೋಣೆ ಬಟ್ಟೆ ಇಸ್ತ್ರಿಯ ಅಂಗಡಿಯ ಮೇಲಿತ್ತು. ಕೆಳಗಿನ ಹಬೆ ನೆಲದ ಸಂದಿನಿಂದ ಮೇಲೆ ಬಂದು ಎಲ್ಲರ ಬೆನ್ನನ್ನೂ ಒದ್ದೆ ಮಾಡಿತ್ತು.

ವೆಂಡೆಲ್‌ಗೆ ಐವತ್ತೇಳು ವರ್ಷ. ಮೊದಲು ಸ್ಟುಡಿಯೊ ಒಂದರ ಪ್ರಚಾರ ವಿಭಾಗದಲ್ಲಿದ್ದ. ಆಮೇಲೆ ಇಪ್ಪತ್ತು ವರ್ಷ ಬೇರೆಯವರ ಆತ್ಮಕಥೆ ಬರೆದ. ಏಳು ತಾರೆಯರು ಅವನ ಎದುರು ಸೋಫಾದ ಮೇಲೆ ಒರಗಿ, ತಾವು ಹೇಗೆ ಬಡತನದಲ್ಲಿ ಬೆಳೆದೆವೆಂದು, ಎಷ್ಟು ಪ್ರೀತಿಸಿದೆವೆಂದು, ದೇವರು ಹೇಗೆ ಕೈಹಿಡಿದನೆಂದು ಹೇಳಿದ್ದರು. ಅವನು ಬರೆದುಕೊಂಡಿದ್ದ, ಹೇಳದೆ ಉಳಿದದ್ದನ್ನೂ ತಾನೇ ಕಟ್ಟಿ ಬರೆದಿದ್ದ. ಏಳು ಪುಸ್ತಕಗಳಲ್ಲಿ ಒಂದರ ಮೇಲೂ ಅವನ ಹೆಸರಿಲ್ಲ. ಏಳನೆಯವಳಂತೂ ಪುಸ್ತಕ ಬಿಡುಗಡೆಯ ಔತಣದಲ್ಲಿ ಅವನನ್ನು ಬಡಿಸುವವನೆಂದು ತಿಳಿದು ಖಾಲಿ ಲೋಟ ಕೈಗೆ ಕೊಟ್ಟಿದ್ದಳು. ಅಂದು ಮನೆಗೆ ಬಂದವನೇ ಅವನು ವೆಲ್ವೆಟಾ ಡುಮೇನ್ ಎಂಬ ಇಲ್ಲದ ತಾರೆಯೊಬ್ಬಳನ್ನು ಹುಟ್ಟಿಸಿದ. ಅವಳು ತನ್ನ ಬದುಕನ್ನು ತಾನೇ ಹೇಳಿಕೊಳ್ಳುವ ನಗೆ ಕಾದಂಬರಿಗೆ 'ಎಡಗೆನ್ನೆಯ ಆತ್ಮಕಥೆ' ಎಂದು ಹೆಸರಿಟ್ಟ. ನ್ಯೂಯಾರ್ಕಿನ ಪ್ರಕಾಶಕರು ಓದಿ ಬಿದ್ದುಬಿದ್ದು ನಕ್ಕರಂತೆ. ನಿಜವಾದ ಆತ್ಮಕಥೆಗಳ ಹಾಗೆಯೇ ಇದರಲ್ಲೂ ಫೋಟೊಗಳಿರಲಿ ಎಂದರು. ಹಳೆಯ ಕಾಲದ ಚಿತ್ರಗಳು ಸ್ಟುಡಿಯೊಗಳು ಪ್ರಚಾರಕ್ಕೆ ತೆಗೆಸಿದ ಹಳೆಯ ಸ್ಟಿಲ್ ಫೋಟೊಗಳಿಂದ ಬರಬೇಕು; ಮುದುಕಿ ವೆಲ್ವೆಟಾ ಆಗಿ ನಿಲ್ಲುವುದಕ್ಕೆ ಒಬ್ಬ ಹೆಂಗಸು ಬೇಕು.

ಆ ಹೆಂಗಸಾಗಿ ಸಿಕ್ಕವಳು ಲಿಯೋಟಾ. ಮೂಕಿ ಚಿತ್ರಗಳ ಕಾಲದಲ್ಲಿ ನಾಯಕಿಯ ತಂಗಿ, ನಾಯಕಿಯ ಗೆಳತಿ, ನಾಯಕಿಗೆ ಪತ್ರ ತಂದುಕೊಡುವವಳು. ಮಾತು ಬಂದಮೇಲೆ ಗುಂಪಿನಲ್ಲೊಬ್ಬಳು. ಈಗ ಅರವತ್ತಮೂರು. ಅವಳು ನಗಿಸಬೇಕೆಂದು ಏನೂ ಮಾಡುತ್ತಿರಲಿಲ್ಲ. ಹಂಸವನ್ನು ಹಂಸದ ಹಾಗೆ, ಕಿರೀಟವನ್ನು ಕಿರೀಟದ ಹಾಗೆ ನಂಬಿ ನಿಲ್ಲುತ್ತಿದ್ದಳು. ಅದಕ್ಕೇ ನೋಡಿದವರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಮಧ್ಯಾಹ್ನ ಗಸ್ ಕೆಳಗಿನಿಂದ ಟ್ಯೂನಾ ಮೀನಿನ ಸ್ಯಾಂಡ್‌ವಿಚ್ಚು, ಕಾಗದದ ಲೋಟಗಳಲ್ಲಿ ಕಾಫಿ ತಂದ. ಮೂವರೂ ತೊಟ್ಟಿಯ ಅಂಚಿಗೆ ಕುರ್ಚಿ ಎಳೆದುಕೊಂಡು ಕೂತರು. ವೆಂಡೆಲ್ ಚೀಲದಿಂದ ಮಾದರಿ ಪ್ರತಿ ತೆಗೆದ. ಪುಟಪುಟಕ್ಕೂ ಫೋಟೊ ಅಂಟಿಸಿ, ಕೆಳಗೆ ಬರಹ ಜೋಡಿಸಿದ್ದ ದಪ್ಪ ಕಟ್ಟು ಅದು.

"ಓದಪ್ಪ, ಓದು. ಒಳಗೇ ಕುದೀತಿದೀಯ, ಪಾಪ," ಎಂದ ಗಸ್.

ವೆಂಡೆಲ್ ಚೆನ್ನಾಗಿ ಓದುತ್ತಿದ್ದ. ಧ್ವನಿಯನ್ನು ಸ್ವಲ್ಪ ಮೂಗಿಗೆ ಏರಿಸಿದನೆಂದರೆ ವೆಲ್ವೆಟಾ ಬಂದು ಕೂತಂತಾಗುತ್ತಿತ್ತು. "'ಬಡತನವನ್ನು ನಾನು ಬಲ್ಲೆ. ಒಂದು ಇಡೀ ಮಂಗಳವಾರ ನಾನು ಬಡವಳಾಗಿದ್ದೆ.'"

ಗಸ್‌ನ ಬಾಯಿಂದ ಕಾಫಿ ಚಿಮ್ಮಿತು.

"'ನಾನೆಂದೂ ನನ್ನ ವಯಸ್ಸನ್ನು ಮುಚ್ಚಿಟ್ಟವಳಲ್ಲ. ಕೇಳಿದವರನ್ನು ಕೆಲಸದಿಂದ ತೆಗೆಸಿದ್ದೇನೆ, ಅಷ್ಟೆ.'"

"ಅಯ್ಯೋ, ಅವಳೇ!" ಎಂದಳು ಲಿಯೋಟಾ, ಕರವಸ್ತ್ರದಿಂದ ಕಣ್ಣೊರೆಸಿಕೊಂಡು. "ಅವಳು ಯಾರು ಅಂತ ನಾನು ಹೇಳಲ್ಲಪ್ಪ. ಆದ್ರೆ ಅವಳೇ. ನನ್ನ ಟೋಪಿ ಅವಳ ಟೋಪಿಗಿಂತ ಚೆನ್ನಾಗಿದೆ ಅಂತ ಒಂದು ಚಿತ್ರದಿಂದ ನನ್ನ ತೆಗೆಸಿದ್ಲು. ಇನ್ನೊಂದು ಓದಿ."

"'ನನ್ನ ಮೂರನೆಯ ಗಂಡ ನನ್ನ ಬಲಗೆನ್ನೆಯನ್ನು ನೋಡದೆಯೇ ತೀರಿಕೊಂಡ. ಆ ಪುಣ್ಯ ಎಲ್ಲರಿಗೂ ಸಿಗುವುದಿಲ್ಲ.'"

ಅವಳು ಕೇಳುವ ರೀತಿ ವೆಂಡೆಲ್‌ಗೆ ಇಷ್ಟವಾಗಿತ್ತು. ತಲೆಯನ್ನು ಸ್ವಲ್ಪ ವಾಲಿಸಿ, ಕೈಯನ್ನು ಮಡಿಲಲ್ಲಿಟ್ಟು, ಪ್ರಾರ್ಥನಾಮಂದಿರದಲ್ಲಿ ಕೂತವರ ಹಾಗೆ ಕೇಳುತ್ತಿದ್ದಳು; ಕೊನೆಯ ಪದ ಬೀಳುವವರೆಗೂ ನಗುತ್ತಿರಲಿಲ್ಲ. ಇಂಥವರಿಗೆ ಓದುವುದೇ ಒಂದು ಸುಖ. ಅವನು ಪುಟ ಮಗುಚಿದ.

"ಇದು ನ್ಯೂಯಾರ್ಕಲ್ಲಿ ಎಲ್ಲರಿಗೂ ಇಷ್ಟವಾದ ಪುಟ. ಪುಸ್ತಕ ಮಾರೋ ಹುಡುಗರು ಗೋಡೆಗೆ ಅಂಟಿಸಿಕೊಂಡಿದ್ದಾರಂತೆ. ನೂರ ಹನ್ನೆರಡು. ಕೇಳಿ. 'ನನ್ನ ನಾಯಿಮರಿ ಪ್ರಿನ್ಸ್ ಗುಸ್ತಾವನ ಅಂತ್ಯಕ್ರಿಯೆ. ಅಂದು ನಾನು ಮೂರು ಸಲ ಅತ್ತೆ. ಮೊದಲೆರಡು ಸಲ ಬಿಸಿಲು ಸರಿಯಿರಲಿಲ್ಲ.'"

ಗಸ್ ತೊಡೆ ತಟ್ಟಿ ನಕ್ಕ. ವೆಂಡೆಲ್ ಪುಟವನ್ನು ಲಿಯೋಟಾಳ ಕಡೆ ತಿರುಗಿಸಿ ಹಿಡಿದ. ಗೋರಿಗಳ ನಡುವೆ ಹತ್ತೆಂಟು ಜನ ಕಪ್ಪು ಉಡುಪಿನವರು. ಮಧ್ಯೆ ಮಂಡಿಯೂರಿದ ಹೆಣ್ಣು, ಮುಖದ ಮೇಲೆ ತೆಳ್ಳನೆಯ ಜಾಲರಿ, ಗಲ್ಲ ಮೇಲಕ್ಕೆ. ಅವಳ ಮುಂದೆ ಮೂರಡಿಯ ಪೆಟ್ಟಿಗೆ.

ಅವಳು ನಗಲಿಲ್ಲ. ಕೊನೆಯ ಪದ ಬಿದ್ದು ಆಗಲೇ ಹೊತ್ತಾಗಿತ್ತು.

"ಇದು ಎಲ್ಲಿ ಸಿಕ್ತು ನಿಮಗೆ?"

"ಹಳೇ ಸ್ಟುಡಿಯೊ ಮಾರಿದಾಗ ಡಬ್ಬಗಟ್ಟಲೆ ಸ್ಟಿಲ್‌ಗಳನ್ನ ಕಸಕ್ಕೆ ಹಾಕಿದ್ರು. ನಾನು ಹೊತ್ಕೊಂಡು ಬಂದೆ. ಯಾವ ಚಿತ್ರದ್ದೋ ಗೊತ್ತಿಲ್ಲ. ಆ ಕಾಲದಲ್ಲಿ ತಿಂಗಳಿಗೆರಡು ಅಮ್ಮಂದಿರ ಗೋಳಿನ ಚಿತ್ರ ತೆಗೀತಿದ್ರಲ್ಲ, ಅದರಲ್ಲೊಂದು." ಅವನಿಗೆ ಇನ್ನೂ ಹೇಳುವ ಉತ್ಸಾಹವಿತ್ತು. "ನಟಿ ಯಾರೋ ಏನೋ, ಆದ್ರೆ ನೋಡಿ, ಎಂಥ ಅತಿ! ಆ ಗಲ್ಲ ನೋಡಿ."

ಲಿಯೋಟಾ ಕೈಚಾಚಿ ಕಟ್ಟನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಕಿರೀಟ ಇನ್ನೂ ತಲೆಯ ಮೇಲೇ ಇತ್ತು.

"ಮೂರಲ್ಲ, ಎರಡು ಸಲ," ಎಂದಳು. "ಮೊದಲನೇ ಸಲ ಮೋಡ ಬಂತು. ಗಲ್ಲ ಸ್ವಲ್ಪ ಮೇಲೆ, ಬಿಸಿಲು ಮೂಗಿನ ಮೇಲೆ ಬರಲಿ ಅಂದವರು ನೀವೇ."

ವೆಂಡೆಲ್ ಮುಗುಳ್ನಗುತ್ತಲೇ ಇದ್ದ. ಅವಳು ತಮಾಷೆಯನ್ನು ಮುಂದುವರಿಸುತ್ತಿದ್ದಾಳೆಂದುಕೊಂಡ.

"ಪಾದ್ರಿಗಳಿಗೆ ಕೀರ್ತನೆ ಇನ್ನೊಂದು ಸಲ ಓದಿ ಅಂತಲೂ ನೀವೇ ಹೇಳಿದ್ರಿ. ಪಾಪ, ಅವರು ಓದಿದ್ರು. ಒಂದು ಮಗುವಿಗೆ ಎರಡು ಸಲ ಓದಿದ ಕೀರ್ತನೆ ಈ ಊರಲ್ಲಿ ಅದೊಂದೇ ಇರಬೇಕು. ಅವಳ ಹೆಸರು ಓಪಲ್. ಎರಡು ವರ್ಷ ನಾಲ್ಕು ತಿಂಗಳು. ಗಂಟಲಮಾರಿ ಬಂದಿತ್ತು."

ಕೆಳಗೆ ಇಸ್ತ್ರಿಯ ಯಂತ್ರ ಉಸ್ಸೆಂದು ಹಬೆ ಬಿಟ್ಟಿತು. ಗಸ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಮೆಲ್ಲಗೆ ಕಾಗದದ ಮೇಲಿಟ್ಟ.

ವೆಂಡೆಲ್‌ಗೆ ಮೊದಲು ನೆನಪಾದದ್ದು ಹೆಂಗಸಲ್ಲ, ಮಗುವಲ್ಲ, ಬೂಟು. ಇಪ್ಪತ್ತೆರಡು ವರ್ಷದ ಅವನ ಹೊಸ ಬೂಟಿಗೆ ಹಸಿಮಣ್ಣು ಮೆತ್ತಿತ್ತು. ಅದು ಅವನ ಮೊದಲ ತಿಂಗಳ ಕೆಲಸ. ತಾಯಿಯ ಗೋಳಿನ ಚಿತ್ರವೊಂದು ಬಿಡುಗಡೆಯಾಗುವ ವಾರ, ಅದರಲ್ಲಿದ್ದ ಹುಡುಗಿಯೊಬ್ಬಳ ಮಗು ಸತ್ತಿದೆಯೆಂದು ತಿಳಿದು ದೊಡ್ಡವರು ಅವನನ್ನೂ ಸ್ಟಿಲ್ ಫೋಟೊ ತೆಗೆಯುವವನನ್ನೂ ಬೆಳಕು ಹಾಯಿಸುವ ಬಿಳಿಹಲಗೆಯ ಜೊತೆ ಕಾರಿನಲ್ಲಿ ಕಳಿಸಿದ್ದರು. ಆಮೇಲೆ ಅಂಥ ನೂರಾರು ಕಡೆ ನೂರಾರು ಗಲ್ಲಗಳನ್ನು ಅವನು ಎತ್ತಿಸಿದ್ದ. ಅಷ್ಟರ ಕೆಳಗೆ ಇದು ಹೂತುಹೋಗಿತ್ತು. ಡಬ್ಬದಲ್ಲಿ ಸಿಕ್ಕಾಗ ಬೆಳಕು ಅಷ್ಟು ಅಚ್ಚುಕಟ್ಟಾಗಿದ್ದರಿಂದ ಸಿನಿಮಾದ್ದೆಂದುಕೊಂಡ. ಕೆಳಗಿನ ಸಾಲು ಬರೆದಾಗ ಎಲ್ಲಿಂದ ಹೊಳೆಯಿತೆಂದು ತಾನೇ ಬೆರಗಾಗಿದ್ದ.

"ಮಿಸ್ ಬ್ರೆನ್, ನನಗೆ... ದೇವರಾಣೆ ನನಗೆ ಗೊತ್ತಾಗಲಿಲ್ಲ."

"ಹೂಂ, ಕಾಣ್ತಿದೆ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. "ನಾನು ಮೊದಲನೇ ದಿನವೇ ನಿಮ್ಮನ್ನ ಗುರುತು ಹಿಡಿದೆ. ಆಗ ತಲೆ ತುಂಬ ಕೂದಲಿತ್ತು ನಿಮಗೆ. ನನ್ನ ನೆನಪಿಟ್ಟುಕೊಂಡು ಕರೆದಿದ್ದಾರೆ ಅಂದ್ಕೊಂಡೆ. ಪರವಾಗಿಲ್ಲ, ಒಳ್ಳೇ ಮನುಷ್ಯ ಅಂದ್ಕೊಂಡೆ."

ಅವಳು ಮಡಿಲಲ್ಲಿದ್ದ ಕಟ್ಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಅವಳು ಬದುಕಿದ್ದಾಗ ಮಗು ಇದೆ ಅಂತ ಬಾಯಿ ಬಿಡಬೇಡ ಅಂದಿದ್ರು ಸ್ಟುಡಿಯೊದವರು. ಕೈಗೂಸಿರೋ ಹುಡುಗಿಗೆ ಅಭಿಮಾನಿಗಳು ಪತ್ರ ಬರೀತಾರಾ ಅಂದ್ರು. ಒಂದು ಫೋಟೊ ತೆಗೆಸೋದಕ್ಕೂ ಹೆದರ್ತಿದ್ದೆ. ಸತ್ತಮೇಲೆ ಅವರೇ ಎಲ್ಲರಿಗೂ ಹೇಳಿದ್ರು." ಅವಳು ಫೋಟೊದ ಹೆಣ್ಣಿನ ಗಲ್ಲದ ಮೇಲೆ ಬೆರಳಿಟ್ಟಳು. "ನೀವು ಹಾಗೇ ಇರಿ ಅಂದ್ರಿ. ಹಾಗೇ ಇದ್ದೆ. ಮುಖ ಬಿಸಿಲ ಕಡೆ ಇತ್ತಲ್ಲ, ಪೆಟ್ಟಿಗೆ ಇಳಿಸಿದ್ದು ನಾನು ನೋಡಲೇ ಇಲ್ಲ. ಹಗ್ಗದ ಸದ್ದು ಕೇಳ್ತು, ಅಷ್ಟೆ."

"ತೆಗೆಸಿಬಿಡ್ತೀನಿ," ಎಂದ ವೆಂಡೆಲ್ ಎದ್ದು ನಿಂತು. "ಈಗಲೇ ಫೋನ್ ಮಾಡ್ತೀನಿ. ಆ ಪುಟ ಇರಲ್ಲ, ಮಿಸ್ ಬ್ರೆನ್. ಇರಲ್ಲ."

"ಹೌದಾ?" ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. "ಅದೊಂದಾದ್ರೆ ಸಾಕು. ಮಿಕ್ಕಿದ್ದೆಲ್ಲ ಇರಲಿ, ಚೆನ್ನಾಗಿದೆ ಪುಸ್ತಕ. ಅದೊಂದಕ್ಕೆ ಜನ ನಗಬಾರದು."

ಫೋನು ಒಳಕೋಣೆಯಲ್ಲಿತ್ತು. ಹಲಗೆಯ ಗೋಡೆಯಾಚೆ ಅವನು ಸಂಖ್ಯೆ ತಿರುಗಿಸುವ ಸದ್ದು, ದೂರದ ಕರೆ ಜೋಡಿಸುವ ಹೆಂಗಸಿನೊಂದಿಗೆ ಆಡಿದ ಮಾತು ಹೊರಗೆ ಕೇಳಿಸಿತು. ಗಸ್ ಎದ್ದು ಹಂಸವನ್ನು ತೊಟ್ಟಿಯಿಂದ ಎತ್ತಿ ಸುಮ್ಮನೆ ಇನ್ನೊಂದು ಮೂಲೆಗಿಟ್ಟ.

ಪ್ರಕಾಶನದ ಸಂಪಾದಕ ಹೋಬಾರ್ಟ್ ಖುಷಿಯಲ್ಲಿದ್ದ. "ಏನಯ್ಯ ವೆಂಡೆಲ್! ನಮ್ಮ ಮುದುಕಿ ಹೇಗಿದ್ದಾಳೆ?"

"ಹೋಬಾರ್ಟ್, ಆ ನಾಯಿಯ ಅಂತ್ಯಕ್ರಿಯೆ ಪುಟ ತೆಗೀಬೇಕು."

"ಹುಚ್ಚಾ ನಿನಗೆ? ಅದೇ ಕಣಯ್ಯ ಪುಸ್ತಕ! ಪತ್ರಿಕೆಯವರು ಅದನ್ನೇ ಕೇಳ್ತಿದಾರೆ."

"ಅದರಲ್ಲಿರೋ ಹೆಂಗಸು ಬೇಡ ಅಂತಿದಾರೆ."

"ಮುಖ ಗುರುತು ಸಿಗುತ್ತಾ? ಜಾಲರಿ ಇದೆಯಲ್ಲ."

"ಇಲ್ಲ, ಸಿಗಲ್ಲ."

"ಸ್ಟುಡಿಯೊ ಕೊಂಡವರಿಂದ ಫೋಟೊದ ಹಕ್ಕು ಬರಹದಲ್ಲಿ ನಮಗೆ ಬಂದಿದೆ. ಮತ್ತೇನು?" ಹೋಬಾರ್ಟನ ಧ್ವನಿ ತಗ್ಗಿತು. "ನೋಡು, ಕೊನೇ ಪುಟಗಳು ನಿನ್ನ ಹೊಸ ಫೋಟೊ ಬಂದಮೇಲೆ, ಆದ್ರೆ ಆ ಹಾಳೆ ಗುರುವಾರ ಬೆಳಗ್ಗೆ ಅಚ್ಚಿನ ಯಂತ್ರಕ್ಕೆ ಹೋಗುತ್ತೆ."

"ಗುರುವಾರವಾ?"

"ಗುರುವಾರ. ನಿಲ್ಲಿಸಬಹುದು, ಇಲ್ಲ ಅನ್ನಲ್ಲ. ಆದ್ರೆ ಮತ್ತೆ ಪುಟ ಜೋಡಿಸಿ ಅಚ್ಚು ಹಾಕೋ ಹೊತ್ತಿಗೆ ಕ್ರಿಸ್‌ಮಸ್ ಹೋಗುತ್ತೆ. ವಸಂತಕ್ಕೆ ತಳ್ತಾರೆ. ವಸಂತದಲ್ಲಿ ನಗೆ ಪುಸ್ತಕ ಯಾರು ಕೊಳ್ತಾರೆ? ಸತ್ತುಹೋಗುತ್ತೆ. ಗಟ್ಟಿ ಕಾರಣ ಇದ್ರೆ ಹೇಳು, ನಾನೇ ಕೆಳಗೆ ಹೋಗಿ ನಿಲ್ಲಿಸ್ತೀನಿ. ಇದೆಯಾ?"

ಒಂದೇ ವಾಕ್ಯ ಸಾಕಿತ್ತು. ಅದು ಸಿನಿಮಾ ಅಲ್ಲ, ಅದರೊಳಗೆ ಮಗುವಿದೆ. ವೆಂಡೆಲ್ ಬಾಯಿ ತೆರೆದ. ಗಸ್‌ನ ಗೋಡೆಯ ಮೇಲೆ ಪುಸ್ತಕದ ಹೊದಿಕೆಯ ಮಾದರಿಯನ್ನು ಮೊಳೆಯಿಂದ ಸಿಕ್ಕಿಸಿತ್ತು: ಕೆಂಪು ಅಕ್ಷರದಲ್ಲಿ ಹೆಸರು, ಅದರ ಕೆಳಗೆ ಕಪ್ಪಿನಲ್ಲಿ, ದಪ್ಪವಾಗಿ, ವೆಂಡೆಲ್ ಕ್ರೇಲ್. ಆ ವಾಕ್ಯ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಅಲ್ಲಿ ಕ್ಯಾಮೆರಾ ಏನು ಮಾಡುತ್ತಿತ್ತು, ಯಾರು ತಂದಿದ್ದರು?

"ಕೇಳಿಸ್ತಾ ಇದೆಯಾ? ಬೇರೆ ಕಾರಣ ಇದೆಯಾ?"

"ಬೇರೆ ಕಾರಣ ಇಲ್ಲ," ಎಂದ ವೆಂಡೆಲ್.

ಹೊರಗೆ ಬಂದಾಗ ಲಿಯೋಟಾ ಬಾಗಿಲ ಪಕ್ಕದ ಬುಟ್ಟಿಗೆ ಕಾಗದದ ಲೋಟಗಳನ್ನು ಹಾಕುತ್ತಿದ್ದಳು.

"ಆಗಲೇ ಅಚ್ಚಾಗಿ ಹೋಗಿದೆಯಂತೆ," ಎಂದ. "ಎಷ್ಟು ಹೇಳಿದ್ರೂ... ಏನೂ ಮಾಡೋ ಹಾಗಿಲ್ಲವಂತೆ. ನನಗೆ ಏನು ಹೇಳಬೇಕೋ ತಿಳೀತಿಲ್ಲ."

"ಹಾಗಾ," ಎಂದಳು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಸ್‌ನ ಕಡೆ ತಿರುಗಿ, "ಇನ್ನೆಷ್ಟು ಉಳಿದಿದೆಯಪ್ಪ?" ಎಂದು ಕೇಳಿದಳು.

"ಒಂದೇ. ಬೇಡ ಬಿಡಿಯಮ್ಮ, ಇವತ್ತು..."

"ಒಂದು ತಾನೇ? ತೆಗೆದುಬಿಡಿ. ಇನ್ನೊಂದು ದಿನ ಬಸ್ಸಿಗೆ ಕಾಯೋದಕ್ಕೆ ನನಗಾಗಲ್ಲ."

ಕೊನೆಯ ಚಿತ್ರದಲ್ಲಿ ವೆಲ್ವೆಟಾ ತನ್ನದೇ ಆಳೆತ್ತರದ ಚಿತ್ರಪಟದ ಮುಂದೆ ನಿಂತು ಅದಕ್ಕೆ ಕೈಮುಗಿಯಬೇಕು. ಲಿಯೋಟಾ ನಿಂತಳು, ಮುಗಿದಳು. ಕಣ್ಣಲ್ಲಿ ಎಂಥ ಭಕ್ತಿ ತಂದುಕೊಂಡಳೆಂದರೆ, ಗಸ್ ನಗಬೇಕಾದ ಕಡೆ ನಗಲಿಲ್ಲ. ಒಂದೇ ಸಲಕ್ಕೆ ಸರಿಹೋಯಿತು. ಅವಳು ಕಿರೀಟ ತೆಗೆದು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟು, ಕೋಟನ್ನು ಮಡಿಸಿ, ಮುಖದ ಬಣ್ಣವನ್ನು ಪೂರ್ತಿ ಒರೆಸದೆಯೇ ಮೆಟ್ಟಿಲಿಳಿದು ಹೋದಳು.

ಮಂಗಳವಾರ ವೆಂಡೆಲ್ ತನ್ನ ಗ್ಯಾರೇಜಿನಲ್ಲಿ ಡಬ್ಬಗಳನ್ನೆಲ್ಲ ಕೆಳಗಿಳಿಸಿದ. ನ್ಯೂಯಾರ್ಕಿಗೆ ಹೋದದ್ದು ನಕಲು. ಮೂಲ ಫೋಟೊ ಅವನಲ್ಲೇ ಇತ್ತು. ಬೆನ್ನ ಮೇಲೆ ಸ್ಟುಡಿಯೊದ ನೇರಳೆ ಮೊಹರು, ಮಾಸಿದ ಪೆನ್ಸಿಲ್ ಬರಹ. ಮೊದಲೂ ಅದು ಅಲ್ಲಿತ್ತು, ಅವನು ಓದಿರಲಿಲ್ಲ. ಈಗ ಕಿಟಕಿಯ ಹತ್ತಿರ ಹಿಡಿದು ಓದಿದ. 'ಎಲ್. ಬ್ರೆನ್, ಮಗು. ಎರಡನೆಯದನ್ನು ಬಳಸಿ.' ಅಕ್ಷರ ಅವನದೇ.

ಅದನ್ನು ದಪ್ಪ ಕಾಗದದ ಲಕೋಟೆಯಲ್ಲಿಟ್ಟುಕೊಂಡು ಬುಧವಾರ ಲಿಯೋಟಾಳ ಮನೆಗೆ ಹೊರಟ. ನೇರವಾಗಿ ಹೋಗಲಿಲ್ಲ. ಕಾರನ್ನು ಸಮುದ್ರದವರೆಗೂ ಓಡಿಸಿ, ದಂಡೆಯ ಹತ್ತಿರ ನಿಲ್ಲಿಸಿ, ಏನನ್ನೂ ನೋಡದೆ ಕೂತು, ಮತ್ತೆ ಊರೊಳಕ್ಕೆ ತಿರುಗಿಸಿದ. ಬಂಕರ್ ಹಿಲ್ ತಲುಪುವ ಹೊತ್ತಿಗೆ ನಾಲ್ಕು ಗಂಟೆ. ಗುಡ್ಡದ ಅರ್ಧ ಮನೆಗಳನ್ನು ಆಗಲೇ ಕೆಡವಿದ್ದರು. ಅವಳಿದ್ದ ಬಾಡಿಗೆ ಕೋಣೆಗಳ ಮನೆಯ ಬಾಗಿಲಿಗೂ ನಗರಸಭೆಯ ಚೀಟಿ ಅಂಟಿಸಿತ್ತು.

ಮೂರನೆಯ ಮಹಡಿಯ ಕೋಣೆಯಲ್ಲಿ ಮಂಚ, ಒಂದು ಕುರ್ಚಿ, ವಿದ್ಯುತ್ ಒಲೆ. ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸಿ ತಾನು ಮಂಚದ ಮೇಲೆ ಕೂತಳು.

"ಟೀ ಇದೆ, ಹಾಲಿಲ್ಲ. ಕುಡೀತೀರಾ?"

"ಬೇಡ. ನಿಮಗೆ ಒಂದು ಕೊಡಬೇಕಿತ್ತು." ಅವನು ಲಕೋಟೆ ಕೊಟ್ಟ. "ಮೂಲ ಪ್ರತಿ. ನಿಮ್ಮ ಹತ್ರ ಇರಬೇಕಾದ್ದು."

ಅವಳು ಕನ್ನಡಕ ಹಾಕಿಕೊಂಡು ಫೋಟೊವನ್ನು ಹೊರತೆಗೆದಳು. ಗಾಳಿಗೆ ಕಿಟಕಿಯ ಚೌಕಟ್ಟು ಬಡಿದುಕೊಳ್ಳುತ್ತಿತ್ತು. ಅವಳು ತುಂಬ ಹೊತ್ತು ನೋಡಿದಳು, ಅಂಚಿನಿಂದ ಅಂಚಿಗೆ, ಸಾಲುಸಾಲಾಗಿ ಓದುವವಳ ಹಾಗೆ. ವೆಂಡೆಲ್‌ಗೆ ಎದೆ ಸ್ವಲ್ಪ ಹಗುರವಾಗತೊಡಗಿತು.

"ಇದರಲ್ಲಿ ಅವಳೆಲ್ಲಿದ್ದಾಳೆ, ಮಿಸ್ಟರ್ ಕ್ರೇಲ್?" ಎಂದಳು ಕೊನೆಗೆ. "ಮುಚ್ಚಳ ಹಾಕಿದೆಯಲ್ಲ. ಇಲ್ಲಿರೋದು ನಾನು. ನನ್ನ ಫೋಟೊ ನನಗ್ಯಾಕೆ?"

ಅವಳು ಫೋಟೊವನ್ನು ಲಕೋಟೆಯೊಳಗಿಟ್ಟು ಅವನ ಮಂಡಿಯ ಮೇಲಿಟ್ಟಳು.

"ನಾನು ಕೇಳಿದ್ದು ಫೋಟೊ ಅಲ್ಲ. ಜನ ನಗಬಾರದು ಅಂತ ಕೇಳಿದ್ದು."

"ಗೊತ್ತು. ಆದ್ರೆ ಅವರು ಆಗಲೇ—"

"ಆ ಗೋಡೆ ಹಲಗೇದು," ಎಂದಳು ಅವಳು ಮೆಲ್ಲಗೆ. "ನೀವು ಗುರುವಾರವಾ ಅಂದ್ರಿ. ಆಮೇಲೆ ಬೇರೆ ಕಾರಣ ಇಲ್ಲ ಅಂದ್ರಿ."

ವೆಂಡೆಲ್ ಲಕೋಟೆಯ ಅಂಚನ್ನು ನೋಡುತ್ತ ಕೂತ.

"ಇವತ್ತು ಬುಧವಾರ. ಕೆಳಗೆ ಫೋನಿದೆ, ಮೆಟ್ಟಿಲ ಹತ್ರ. ಅಲ್ಲಿಂದಲೇ ನ್ಯೂಯಾರ್ಕಿಗೆ ಹೇಳಿದ್ರೆ ಆಯ್ತಲ್ಲ. ಅದು ಒಂದು ಹೆಣ್ಣುಮಗು, ಓಪಲ್ ಅಂತ. ಅಷ್ಟು ಹೇಳಿ. ನಿಮ್ಮ ಹೆಸರು ಹೇಳಬೇಡಿ, ಯಾರೋ ಫೋಟೊ ತೆಗೆದ್ರಂತೆ ಅನ್ನಿ. ನಾನೇನೂ ಯಾರಿಗೂ ಹೇಳಲ್ಲ."

"ಮಾಡ್ತೀನಿ," ಎಂದ ಅವನು. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ಎದ್ದ. ಬಾಗಿಲಲ್ಲಿ ನಿಂತು ಏನೋ ಹೇಳಬೇಕೆಂದುಕೊಂಡ. ಅವಳಾಗಲೇ ಎದ್ದು ಒಲೆಯ ಮೇಲೆ ನೀರಿಡುತ್ತಿದ್ದಳು, ಬೆನ್ನು ಅವನ ಕಡೆಗೆ.

ಕೆಳಗೆ ಫೋನಿನ ಹತ್ತಿರ ದಪ್ಪ ಕಾಲುಚೀಲದ ಮುದುಕಿಯೊಬ್ಬಳು ಗೋಡೆಗೊರಗಿ ಮಾತಾಡುತ್ತಿದ್ದಳು. "ಇಲ್ಲ ಕಣೆ, ಡಾಕ್ಟರು ಆಣಿ ಅಂದ, ನಾನು ಆಣಿ ಅಲ್ಲಪ್ಪ ಅಂದೆ... ಹೂಂ... ಕಾಲು ಯಾರದ್ದು, ನಂದಾ ಅವನದ್ದಾ?" ವೆಂಡೆಲ್ ಕೊನೆಯ ಮೆಟ್ಟಿಲ ಮೇಲೆ ಕಾದ. ಹತ್ತು ನಿಮಿಷ ಕಾದ. ಅವಳು ಮುಗಿಸಲಿ ಎಂದು ಬಯಸಲಿಲ್ಲ. ಮುಗಿಸದಿರಲಿ ಎಂದೂ ಬಯಸಲಿಲ್ಲವೆಂದು ತನಗೆ ತಾನೇ ಹೇಳಿಕೊಂಡ. ಅವಳು ಮುಗಿಸಿದಳು. "ನಿಮ್ದೇ, ಸಾರ್," ಎಂದು ಬಿಸಿಯಾಗಿದ್ದ ರಿಸೀವರನ್ನು ಅವನ ಕೈಗೇ ಕೊಟ್ಟು ಕುಂಟುತ್ತ ಹೋದಳು.

ರಿಸೀವರಿನಲ್ಲಿ ಗುಂಯ್ ಎಂಬ ಒಂದೇ ಸ್ವರ. ಇಲ್ಲಿ ನಾಲ್ಕೂವರೆ ಎಂದರೆ ನ್ಯೂಯಾರ್ಕಿನಲ್ಲಿ ಏಳೂವರೆ. ಕಚೇರಿ ಮುಚ್ಚಿರುತ್ತದೆ. ಹೋಬಾರ್ಟನ ಮನೆಯ ನಂಬರೂ ಅವನ ಕಿಸೆಯ ಪುಸ್ತಕದಲ್ಲಿತ್ತು. ಊಟದ ಹೊತ್ತು, ಹೆಂಡತಿ ಮಕ್ಕಳ ಜೊತೆ ಕೂತಿರುತ್ತಾನೆ ಎಂದುಕೊಂಡ. ಮೇಲಿನಿಂದ, ಮೂರನೆಯ ಮಹಡಿಯಿಂದ, ಬಾಗಿಲು ತೆರೆದ ಸದ್ದು ಕೇಳಿತು. ಯಾರೂ ಇಳಿದು ಬರಲಿಲ್ಲ. ತೆರೆದ ಬಾಗಿಲು ಮುಚ್ಚಲೂ ಇಲ್ಲ. ಯಾರೋ ಅಲ್ಲಿ ನಿಂತು ಕಿವಿಗೊಟ್ಟಿದ್ದರು.

ವೆಂಡೆಲ್ ರಿಸೀವರನ್ನು ಕೊಕ್ಕೆಗೆ ಸದ್ದಾಗದಂತೆ ಸಿಕ್ಕಿಸಿ, ಬೀದಿಗೆ ಬಂದ.

ನವೆಂಬರ್ ಕೊನೆಗೆ 'ಎಡಗೆನ್ನೆಯ ಆತ್ಮಕಥೆ' ಅಂಗಡಿಗಳಿಗೆ ಬಂತು. ಪತ್ರಿಕೆಗಳು ಹೊಗಳಿದವು. ತಾರೆಯರ ಸುಳ್ಳನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಯಲು ಮಾಡಿದವರಿಲ್ಲ ಎಂದು ಒಂದು ಬರೆಯಿತು. ಗಸ್ ಒಮ್ಮೆ ಫೋನ್ ಮಾಡಿ, ಪುಸ್ತಕದ ಒಂದು ಪ್ರತಿ ಕೊಡೋಣವೆಂದು ಬಂಕರ್ ಹಿಲ್‌ಗೆ ಹೋಗಿದ್ದೆ, ಮನೆ ಇದ್ದ ಜಾಗದಲ್ಲಿ ಗುಂಡಿ ಇದೆ, ಆಕೆ ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ ಎಂದ. ಆಮೇಲೆ ಏನೋ ಕೇಳಲು ಹೊರಟು, ಕೇಳದೆ ಇಟ್ಟುಬಿಟ್ಟ.

ಡಿಸೆಂಬರಿನ ಎರಡನೆಯ ಶನಿವಾರ ವಿಲ್ಷೈರ್ ರಸ್ತೆಯ ದೊಡ್ಡ ಅಂಗಡಿಯ ಎರಡನೆಯ ಮಹಡಿಯಲ್ಲಿ, ಅಲ್ಯುಮಿನಿಯಂ ಕ್ರಿಸ್‌ಮಸ್ ಮರದ ಪಕ್ಕ, ವೆಂಡೆಲ್‌ಗೆ ಮೇಜು ಹಾಕಿದ್ದರು. ಮೇಜಿನ ಮೇಲೆ ಪುಸ್ತಕದ ಗೋಪುರ, ಹೂದಾನಿ, ಅವನ ಹೆಸರಿನ ಫಲಕ. ಜನ ಸಾಲಾಗಿ ನಿಂತಿದ್ದರು. ನಿಂತಲ್ಲೇ ಪುಟ ಮಗುಚಿ ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು. ನಗು ಸಾಲಿನುದ್ದಕ್ಕೂ ಹಿಂದಿನಿಂದ ಮುಂದಕ್ಕೆ ಹರಿದುಬರುತ್ತಿತ್ತು. ಯಾವ ಪುಟಕ್ಕೆ ಯಾವ ನಗು ಎಂದು ಅವನಿಗೆ ಈಗ ತಲೆಯೆತ್ತದೆಯೇ ತಿಳಿಯುತ್ತಿತ್ತು.

ಹಸಿರು ಟೋಪಿಯ ಹೆಂಗಸೊಬ್ಬಳು ಮುಂದೆ ಬಂದಳು. "ನಮ್ಮ ಅಕ್ಕನಿಗೆ, ಸಾರ್. ಆಸ್ಪತ್ರೇಲಿದಾಳೆ, ಆಪರೇಷನ್ ಆಗಿದೆ. ನಕ್ಕರೆ ಹೊಲಿಗೆ ಬಿಚ್ಚಿ ಹೋಗುತ್ತೆ, ಓದಬೇಡ ಅಂತ ನರ್ಸ್ ಕಿತ್ಕೊಂಡ್ರಂತೆ, ಅದಕ್ಕೆ ಇನ್ನೊಂದು ಕೊಳ್ತಿದೀನಿ!"

"ಅವರ ಹೆಸರು?"

"ಹೆಸರು ಬೇಡ, ನಿಮ್ಮ ರುಜು ಸಾಕು. ಆದ್ರೆ ಮೊದಲನೇ ಪುಟದಲ್ಲಿ ಬೇಡ." ಅವಳು ಪುಸ್ತಕವನ್ನು ಎಳೆದುಕೊಂಡು ಚಕಚಕನೆ ಮಗುಚಿ, ನೂರ ಹನ್ನೆರಡನೆಯ ಪುಟ ತೆರೆದು ಅಂಗೈಯಿಂದ ಒತ್ತಿ ಮಟ್ಟ ಮಾಡಿದಳು. "ಇಲ್ಲಿ. ಇದನ್ನ ನೋಡಿದ್ರೆ ಸಾಕು ಅವಳಿಗೆ. ಮೂರು ಸಲ ಅತ್ತೆ! ಅಯ್ಯೋ ದೇವರೇ."

ವೆಂಡೆಲ್ ಪೆನ್ನಿನ ಮುಚ್ಚಳ ತೆಗೆದ. ನಯವಾದ ಹೊಳಪು ಕಾಗದ. ಫೋಟೊ ಪುಟದ ನಾಲ್ಕೂ ಅಂಚಿನವರೆಗೆ ಹರಡಿತ್ತು. ಕೋಟುಗಳು ಕಪ್ಪು, ಮರಗಳು ಕಪ್ಪು, ಮಂಡಿಯೂರಿದವಳ ಉಡುಪು ಕಪ್ಪು. ಕೆಳಗಿನ ಬರಹದ ಸುತ್ತಲೂ ಜಾಗವಿರಲಿಲ್ಲ. ಅವನ ಪೆನ್ನು ಪುಟದ ಮೇಲೆ ಸ್ವಲ್ಪ ಹೊತ್ತು ಅಲೆಯಿತು.

"ಅಲ್ಲಿ ಕಾಣಲ್ಲ ಸಾರ್, ಕಪ್ಪು ಮೇಲೆ ಕಪ್ಪು," ಎಂದಳು ಹೆಂಗಸು. ಕೈಗವಸಿನ ಬೆರಳನ್ನು ಬಾಗಿಸಿ ನಡುವಿನ ಪೆಟ್ಟಿಗೆಯ ಮೇಲಿಟ್ಟಳು. "ಇಲ್ಲಿ ಹಾಕಿ. ಇದೊಂದು ಬೆಳ್ಳಗಿದೆ."

ಸಾಲಿನಲ್ಲಿ ಹಿಂದಿದ್ದವರು ಕತ್ತುದ್ದ ಮಾಡಿ ನೋಡಿದರು. ಅವನು ತನ್ನ ಹೆಸರನ್ನು ಬರೆದ. ಪೆಟ್ಟಿಗೆ ಚಿಕ್ಕದಾದ್ದರಿಂದ ಅಕ್ಷರಗಳನ್ನು ಒತ್ತಾಗಿ, ಎರಡು ಸಾಲಿನಲ್ಲಿ ಬರೆಯಬೇಕಾಯಿತು. ಆ ಕಾಗದಕ್ಕೆ ಶಾಯಿ ಬೇಗ ಆರುವುದಿಲ್ಲ. ಹೆಂಗಸು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ಹಿಡಿದು, ಪಕ್ಕಕ್ಕೆ ಸರಿದು ನಿಂತು, ಅದು ಆರುವವರೆಗೂ ಮೆಲ್ಲಮೆಲ್ಲಗೆ ಊದಿದಳು.